ಕಿಸೆಯ ಕಡಲೆ ಕಳೆದ ತೂಕ

ರೋಣದ ಕಲ್ಯಾಣ ಮಂಟಪದಲ್ಲಿ ಹೋದ ತಿಂಗಳು ಸಾವಕಾರರ ಶ್ರದ್ಧಾಂಜಲಿ ಸಭೆ ನಡೆಯಿತು. ಅವರ ಜೊತೆಗೇ ಕಾಳಿನ ವ್ಯಾಪಾರ ಮಾಡುತ್ತ ತಲೆ ಬೆಳ್ಳಗಾದ ಒಬ್ಬರು ಎದ್ದು ನಿಂತು, "ನಮ್ಮ ಸಾವಕಾರರು ಅರವತ್ತು ದಾಟಿದ ಮೇಲೆ ಬರೇ ಸಂಕಲ್ಪದ ಬಲದಿಂದ ತೂಕ ಇಳಿಸಿದವರು, ನಾಲಿಗೆ ಮೇಲೆ ಅವರಿಗೆ ಅಂಥ ಹಿಡಿತವಿತ್ತು" ಎಂದರು. ಎಲ್ಲರೂ ತಲೆದೂಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕಾರ, ಎಂದರೆ ಸಾವಕಾರರ ಹೆಂಡತಿಯ, ಭುಜ ಸಣ್ಣಗೆ ಕುಣಿಯತೊಡಗಿತು. ದುಃಖ ಉಕ್ಕಿತೆಂದು ಪಕ್ಕದವರು ಬೆನ್ನು ಸವರಿದರು. ನಾನು ಹಿಂದಿನ ಸಾಲಿನಲ್ಲಿದ್ದೆ. ಅವರು ನಗುತ್ತಿದ್ದರು. ಅಳುತ್ತಲೂ ಇದ್ದಿರಬಹುದು, ಹಿಂದಿನಿಂದ ನೋಡುವವನಿಗೆ ಭುಜ ಎರಡನ್ನೂ ಒಂದೇ ತರಹ ಹೇಳುತ್ತದೆ.

ಈ ಬರಹ ಆ ಭಾಷಣಕ್ಕೆ ತಿದ್ದುಪಡಿ. ಅವರು ಎಲ್ಲಿ ಹುಟ್ಟಿದರು, ಅಂಗಡಿ ಯಾವಾಗ ತೆರೆದರು, ಯಾವ ಗುಡಿಗೆ ಏನು ಕೊಟ್ಟರು ಎಂಬುದನ್ನೆಲ್ಲ ಮನೆಯವರು ಅಚ್ಚು ಹಾಕಿಸುವ ಪುಸ್ತಿಕೆಯಲ್ಲಿ ಓದಿಕೊಳ್ಳಬಹುದು. ನನಗೆ ಗೊತ್ತಿರುವುದು ಒಂದು ದಸರೆಯಿಂದ ಮರುವರ್ಷದ ಬೇಸಗೆವರೆಗಿನ ಸಾವಕಾರರು ಮಾತ್ರ. ಅದೂ ಎಷ್ಟು ಗೊತ್ತೋ. ನೆನಪು ಎನ್ನುವುದು ನೆಂಟರು ಬರುವ ಮೊದಲು ಕಸಗುಡಿಸಿದ ಮನೆಯ ಹಾಗೆ. ಬಂದವರು ಚೊಕ್ಕಟ ಎನ್ನುತ್ತಾರೆ, ಕಸ ಮಂಚದ ಕೆಳಗಿರುತ್ತದೆ. ಸಾಧ್ಯವಾದಲ್ಲಿ ಮಂಚ ಸರಿಸಿ ತೋರಿಸುತ್ತೇನೆ.

ಆಗ ನಾನು ನರಗುಂದದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ, ರೋಣದಲ್ಲಿ ಅವರ ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ಸಂಜೆ ಬಸ್ಸಿಳಿದು ಮಾರುಕಟ್ಟೆ ಅಂಗಳದಲ್ಲಿದ್ದ ಅವರ ಅಂಗಡಿಗೆ ಹೋದರೆ ಒಂದು ಕಪ್ ಚಹಾ, ಆಮೇಲೆ ಅವರ ಸ್ಕೂಟರಿನ ಹಿಂದೆ ಕೂತು ಮನೆ. ಸ್ಕೂಟರಿನ ಸೀಟಿನಲ್ಲಿ ನನ್ನ ಪಾಲಿಗೆ ಉಳಿಯುತ್ತಿದ್ದ ಜಾಗದಿಂದಲೇ ಅವರ ತೂಕದ ಏರಿಳಿತ ನನಗೆ ತಿಳಿಯುತ್ತಿತ್ತು. ಆ ಮಟ್ಟಿಗೆ ನಾನು ನಂಬಬಹುದಾದ ಸಾಕ್ಷಿ.

ಅವರು ಖರೀದಿದಾರರು. ರೈತರು ತಂದು ಸುರಿದ ರಾಶಿಯಿಂದ ರಾಶಿಗೆ ನಡೆದು, ಮಾಲು ನೋಡಿ, ದರ ಹಾಕುವುದು ಅವರ ಕೆಲಸ. ದರ ಈಗ ಕಂಪ್ಯೂಟರಿನಲ್ಲಿ ಬೀಳುತ್ತದೆ, ಮಾಲನ್ನು ಮಾತ್ರ ಇವತ್ತಿಗೂ ಕೈಯಲ್ಲೇ ನೋಡುತ್ತಾರೆ. ಅವರು ನೋಡುವ ರೀತಿಯನ್ನು ನೋಡಲೆಂದೇ ನಿಲ್ಲುವವರಿದ್ದರು. ಧೋತರದ ಚುಂಗನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯನ್ನು ರಾಶಿಯೊಳಗೆ ಮೊಣಕೈವರೆಗೆ ಇಳಿಸಿ, ತಳದಿಂದ ಒಂದು ಹಿಡಿ ತರುತ್ತಿದ್ದರು. "ಮ್ಯಾಲಿನ ಕಾಳು ಬೀಗರಿದ್ಹಾಂಗ, ಚಂದ ಮಾಡ್ಕೊಂಡು ಬಂದಿರತಾವ. ತಳದಾಗಿನವು ಮನಿ ಮಂದಿ. ಖರೇ ಸುದ್ದಿ ಅವ್ರನ್ನ ಕೇಳಬೇಕು" ಎನ್ನುತ್ತಿದ್ದರು. ಅಂಗೈಯಲ್ಲಿ ಉರುಳಿಸಿ, ಹೊಟ್ಟು ಊದಿ, ಹಿಡಿಯನ್ನು ಬಾಯಿಗೆ ಎಸೆದು ಕಣ್ಣು ಮುಚ್ಚುತ್ತಿದ್ದರು. ತಲೆ ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ದೂರದಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ. ಕಾಳು ಒಣಗಿದ್ದರೆ ಹಲ್ಲಿನ ನಡುವೆ ಕಟ್ ಎಂದು ಮುರಿಯುತ್ತದೆ. ಹಸಿಯಿದ್ದರೆ ಸದ್ದಿಲ್ಲದೆ ಮಣಿಯುತ್ತದೆ. ಅಷ್ಟು ಕೇಳಿಸಿಕೊಂಡು ಕಣ್ಣು ತೆರೆದು ಮುಂದಿನ ರಾಶಿಗೆ ನಡೆಯುತ್ತಿದ್ದರು.

ನಡೆಯುತ್ತಿದ್ದರು ಎಂದೆ. ಆ ವರ್ಷ ದಸರೆ ಹೊತ್ತಿಗೆ ಅದು ನಡಿಗೆಯಾಗಿ ಉಳಿದಿರಲಿಲ್ಲ. ಬಲ ಮೊಣಕಾಲು ಸವೆದುಹೋಗಿತ್ತು. ಒಂದು ರಾಶಿಯಿಂದ ಎದ್ದು ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಉಳಿದ ಖರೀದಿದಾರರು ಸಾಲು ಮುಗಿಸಿರುತ್ತಿದ್ದರು. ಹುಬ್ಬಳ್ಳಿಯ ಎಲುಬಿನ ಡಾಕ್ಟರು ಫೋಟೋ ತೆಗೆಸಿ ನೋಡಿ, ಮೊಣಕಾಲು ಬದಲಿಸಲೇಬೇಕು, ಆದರೆ ತೊಂಬತ್ತೆಂಟು ಕೆಜಿ ಹೊರಲು ಹೊಸ ಮೊಣಕಾಲನ್ನೂ ಕೂಡಿಸುವುದಿಲ್ಲ, ಬೇಸಗೆಯೊಳಗೆ ಎಂಬತ್ತೈದಕ್ಕೆ ಇಳಿದು ಬನ್ನಿ ಎಂದರಂತೆ.

ಇಳಿಯದಿದ್ದರೆ ಏನು ಕಾದಿತ್ತು ಎಂಬುದು ಮನೆಯಲ್ಲೇ ಓಡಾಡುತ್ತಿತ್ತು. ಅವರ ತಮ್ಮನ ಮಗ ಚುರುಕಿನ ಹುಡುಗ. "ದೊಡ್ಡಪ್ಪಾ, ನೀವು ಅಂಗಡಿ ಗಾದಿ ಮ್ಯಾಲ ಆರಾಮ ಕುಂದರ್ರಿ. ನಾ ಪ್ರತಿ ರಾಶಿದ್ದೂ ಫೋಟೋ ಕಳಿಸತೇನಿ, ನೀವು ದರಾ ಹೇಳ್ರಿ" ಎಂದಿದ್ದ.

"ಫೋಟೋದಾಗ ಎಲ್ಲಾ ಕಡಲಿನೂ ಒಣಗಿರತೈತೆಪಾ" ಎಂದು ಸಾವಕಾರರು ಅವನನ್ನು ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ಮಾಸ್ತರ, ರಾಶಿ ಮುಟ್ಟಲಾರದವ ಕಾಳಿನ ವ್ಯಾಪಾರಿ ಅಲ್ಲ, ಕಾಳಿನ ಸುದ್ದಿ ಓದಾವ" ಎಂದರು. ಈ ಮಾತು ಅವರು ಆಗಲೇ ಹೇಳಿದ್ದೋ, ಇನ್ನೊಮ್ಮೆ ಹೇಳಿದ್ದನ್ನು ನಾನು ಇಲ್ಲಿ ತಂದು ಕೂರಿಸಿದ್ದೋ, ಪ್ರಮಾಣ ಮಾಡಲಾರೆ. ಅವರ ಮುಖ ನೆನಪಿದೆ. ಆ ಮುಖದಲ್ಲಿ ತಮಾಷೆ ಇರಲಿಲ್ಲ.

ಹೀಗೆ ಇಳಿಕೆ ಶುರುವಾಯಿತು. ರೋಣದಲ್ಲಿ ಒಬ್ಬ ದಪ್ಪ ಮನುಷ್ಯ ಸಣ್ಣಗಾಗಲು ಹೊರಟರೆ ಅದು ಅವನೊಬ್ಬನ ಕೆಲಸವಾಗಿ ಉಳಿಯುವುದಿಲ್ಲ. ಹಜಾಮತಿ ಅಂಗಡಿಯವನು ಜೀರಿಗೆ ನೀರು ಎಂದ. ಕಂಡಕ್ಟರನೊಬ್ಬ ಹುರಳಿ ಕಟ್ಟು ಎಂದ. ಅಕ್ಕಾರು ಎಲ್ಲರ ಮಾತೂ ಕೇಳಿ ಯಾರದನ್ನೂ ಮಾಡಲಿಲ್ಲ. ಎರಡು ರೊಟ್ಟಿಯ ಜಾಗದಲ್ಲಿ ಒಂದು, ಅನ್ನ ಬಂದ್, ಚಹಾಕ್ಕೆ ಸಕ್ಕರೆ ಬಂದ್, ಮಿರ್ಚಿ ಭಜಿ ಕರಿಯುವ ಓಣಿಯಲ್ಲಿ ಸ್ಕೂಟರ್ ಬಂದ್. ಗಜೇಂದ್ರಗಡದಲ್ಲಿ, ಅಕ್ಕಾರ ತವರಿನ ಒಂದು ಮದುವೆಯಲ್ಲಿ, ಸಾವಕಾರರು ಎಲೆಯ ಮೇಲೆ ಕೈ ಅಡ್ಡ ಇಟ್ಟು ಹೋಳಿಗೆ ಬೇಡವೆಂದರು. ಬಡಿಸುವವನು ಹೋಗಿ ಒಳಗೆ ಹೇಳಿದ. ಒಳಗಿನಿಂದ ಒಬ್ಬೊಬ್ಬರೇ ಹಿರಿಯರು ಬಂದು ಏನು ತಪ್ಪಾಯಿತು, ಯಾರು ಏನೆಂದರು ಎಂದು ವಿಚಾರಿಸತೊಡಗಿದರು. "ಯಾರೂ ಏನೂ ಅಂದಿಲ್ರಿ, ಮೊಣಕಾಲು ಬ್ಯಾನಿ" ಎಂದರೆ ಯಾರು ನಂಬುತ್ತಾರೆ? ಮೊಣಕಾಲಿಗೂ ಹೋಳಿಗೆಗೂ ಎಲ್ಲಿಯ ಸಂಬಂಧ? ಅಳಿಯಂದಿರು ಸಿಟ್ಟಾಗಿದ್ದಾರೆಂಬ ಸುದ್ದಿ ಅವರಿಗಿಂತ ಮೊದಲು ರೋಣಕ್ಕೆ ಬಂದು ಮುಟ್ಟಿತ್ತು.

ತೂಕ ನೋಡುವುದು ಅಂಗಡಿಯ ಕಾಟಾದ ಮೇಲೆ, ಚೀಲ ತೂಗುವ ಅದೇ ಕಬ್ಬಿಣದ ಹಲಗೆಯ ಮೇಲೆ. ಸೋಮವಾರ ಸಂಜೆ, ವ್ಯಾಪಾರ ಮುಗಿದ ಮೇಲೆ. ನಾನು ಚಹಾ ಹಿಡಿದು ಕೂತಿರುತ್ತಿದ್ದೆ. ಹಮಾಲರು ಸುತ್ತ ನಿಲ್ಲುತ್ತಿದ್ದರು. ಹಮಾಲರ ಹಿರಿಯ, ಒಣಕಲು ಮನುಷ್ಯ, ಚೀಲದ ತೂಕ ಕೂಗುವ ರಾಗದಲ್ಲೇ ಕೂಗುತ್ತಿದ್ದ. "ತೊಂಬತ್ತಾರೋ… ಬರಕೊಳ್ರಿ." ಮುಂದೆ "ತೊಂಬತ್ಮೂರೋ…" ದೀಪಾವಳಿ ಹೊತ್ತಿಗೆ "ತೊಂಬತ್ತೊಂದೋ…" ನನಗೆ ಸ್ಕೂಟರಿನ ಮೇಲೆ ಎರಡು ಬೆರಳು ಜಾಗ ಹೆಚ್ಚು ಸಿಕ್ಕಿತ್ತು.

ಅಲ್ಲಿಗೆ ನಿಂತಿತು.

ತೊಂಬತ್ತೊಂದು. ಮುಂದಿನ ಸೋಮವಾರವೂ ತೊಂಬತ್ತೊಂದು. ಶೇಂಗಾ ಹಂಗಾಮು ಪೂರ್ತಿ ತೊಂಬತ್ತೊಂದು. ಮೊದಲು ಕಾಟಾ ಕೆಟ್ಟಿದೆ ಎಂದರು; ತೂಕದ ಕಲ್ಲು ಇಟ್ಟು ನೋಡಿದರು, ಕೆಟ್ಟಿರಲಿಲ್ಲ. ಅಕ್ಕಾರು ಒಂದು ರೊಟ್ಟಿಯನ್ನು ಮುಕ್ಕಾಲು ಮಾಡಿದರು. ತೊಂಬತ್ತೊಂದು. ಪಕ್ಕದ ಅಂಗಡಿಯವರು, "ಸಾವ್ಕಾರ್ರದು ಹತ್ತಿ ದರಾ ನಿಂತಂಗ ನಿಂತೈತ್ರಿ. ಸರ್ಕಾರನ ನಡು ಬರಬೇಕು" ಎಂದು ನಗೆಯಾಡಿದರು.

"ಮಾಸ್ತರ, ನನ್ನ ಮೈಯಾಗ ಗಾಳಿ ತುಂಬೇತೇನು?" ಎಂದು ಅವರು ಒಂದು ಸಂಜೆ ಕೇಳಿದರು. "ಮುಕ್ಕಾಲ್ ರೊಟ್ಟಿ ತಿಂದ್ರ ಗುಬ್ಬಿ ಸೈತ ಸೊರಗತೈತಿ."

"ನಡುವ ಏನರೆ ತಿಂತೀರೇನ್ರಿ?"

"ನಿಮ್ಮ ಅಕ್ಕಾರ ಆಣಿ. ಮುಂಜಾನಿ ಮನಿ ಬಿಟ್ರ ಸಂಜಿಗಿ ಮನಿ ಮುಟ್ಟೂತನ ಬಾಯಾಗ ಏನೂ ಹಾಕಿಲ್ಲ."

ಅವರು ಸುಳ್ಳು ಹೇಳುವವರಲ್ಲ. ಆಗಲೂ ಹೇಳಲಿಲ್ಲ. ಅದೇ ಈ ಕಥೆಯ ಮಜಾ.

ಸಂಕ್ರಾಂತಿ ಆದ ಮೇಲೆ ಕಡಲೆ ಬರಲು ಶುರುವಾಯಿತು. ಕಾಲೇಜಿಗೆ ರಜೆಯಿದ್ದ ಒಂದು ಬೆಳಿಗ್ಗೆ ನಾನು ಮೊದಲ ಸಲ ಅವರ ಹಿಂದೆ ರಾಶಿಯಿಂದ ರಾಶಿಗೆ ನಡೆದೆ. ಅಲ್ಲಿಯವರೆಗೆ ನಾನು ಕಂಡದ್ದು ಸಂಜೆಯ ಅಂಗಡಿ, ಒಂದೋ ಎರಡೋ ರಾಶಿ. ಈಗ ಕಂಡದ್ದು ಅಂಗಳ. ಒಂದು ರಾಶಿ, ಒಂದು ಹಿಡಿ, ಕಣ್ಣು ಮುಚ್ಚಿ, ತಲೆ ವಾಲಿಸಿ, ಕಟ್ ಕಟ್, ನುಂಗಿ, ಮುಂದಿನ ರಾಶಿ. ಅಲ್ಲೂ ಒಂದು ಹಿಡಿ. ಅಂಗಳದ ಆ ತುದಿವರೆಗೆ ರಾಶಿಗಳಿದ್ದವು. ಅರ್ಧ ಸಾಲಿಗೆ ನಾನು ತಡೆಯಲಾರದೆ ಹೇಳಿದೆ.

"ಸಾವ್ಕಾರ್ರ, ತಿನ್ನಾಕತ್ತೀರಿ."

"ಯಾರು?"

"ನೀವು."

ಅವರು ಸುತ್ತ ನೋಡಿದರು, ನಾನು ಬೇರೆ ಯಾರ ಬಗ್ಗೆಯೋ ಹೇಳುತ್ತಿರುವಂತೆ. ಬಾಯಿ ಆಡುತ್ತಲೇ ಇತ್ತು. "ಇದಾ? ಇದು ತಿನ್ನೂದಲ್ಲ ಮಾಸ್ತರ. ಮಾಲ್ ನೋಡೂದು."

"ನೋಡಿದ್ದು ಎಲ್ಲಿ ಹೋಗತೈತ್ರಿ?"

ಬಾಯಿ ನಿಂತಿತು. ಅವರ ಮುಖದ ಮೇಲೆ ಆಗ ಬಂದುಹೋದದ್ದನ್ನು ಬಣ್ಣಿಸಲು ಬಹಳ ಸಲ ಯತ್ನಿಸಿ ಬಿಟ್ಟಿದ್ದೇನೆ. ಎಷ್ಟೋ ವರ್ಷಗಳಿಂದ ಇವರು ಶೇಂಗಾ, ಕಡಲೆ, ಹೆಸರು, ಜೋಳ ಹಿಡಿ ಹಿಡಿಯಾಗಿ ನುಂಗಿದ್ದಾರೆ, ಒಂದನ್ನೂ ತಿಂದಿಲ್ಲ. ಮನೆಯಲ್ಲಿ ಅಕ್ಕಾರಿಗೆ ಸುದ್ದಿ ಹೇಳಿದಾಗ ಅವರು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡರು. "ಅಯ್ಯ ನನ್ನ ಶಿವನ. ಶೇಂಗಾ ಹಂಗಾಮಿನಾಗ ಅಂಗಳದಾಗ ಊಟಾ ಮಾಡಿ ಬಂದು, ಮನ್ಯಾಗ ಉಪಾಸ ಮಾಡ್ಯಾರ."

ಸರಿ, ನೋಡಿ ಉಗುಳಿಬಿಡಿ ಎಂದೆವು. ನಾವು ಎಷ್ಟು ತಿಳಿಗೇಡಿಗಳೆಂದು ಮರುದಿನ ಗೊತ್ತಾಯಿತು. ಬೆಳೆದವನು ಎದುರು ನಿಂತಿರುವಾಗ ಅವನ ಕಾಳನ್ನು ಬಾಯಿಗೆ ಹಾಕಿ ಮಣ್ಣಿಗೆ ಉಗುಳುವುದು ಆ ಅಂಗಳದಲ್ಲಿ ಯಾರೂ ಮಾಡದ ಕೆಲಸ. ಸಾವಕಾರರಿಗೆ ಆ ಯೋಚನೆಗೇ ಮೈ ಜುಮ್ಮೆಂದಿತು. ಹಿಡಿಯ ಬದಲು ಎರಡೇ ಕಾಳು ಕಡಿದು ಉಳಿದದ್ದನ್ನು ರಾಶಿಗೆ ಚೆಲ್ಲಿ ನೋಡಿದರು. ರೈತನೊಬ್ಬ ಮುಖ ಸಣ್ಣದು ಮಾಡಿ, "ಯಾಕ್ರಿ ಸಾವ್ಕಾರ್ರ, ನಮ್ಮ ಮಾಲ್ ಬಾಯಿಗಿ ಹತ್ತಲಿಲ್ಲೇನ್ರಿ?" ಎಂದ. ಹಿಡಿ ತುಂಬ ತೆಗೆದುಕೊಳ್ಳುವುದು ಮಾಲಿಗೆ ಕೊಡುವ ಮರ್ಯಾದೆ. ತೆಗೆದದ್ದನ್ನು ಮರಳಿ ರಾಶಿಗೆ ಹಾಕುವುದು ಮಾಲನ್ನು ಹಳಿದಂತೆ. ತಿಂದರೆ ಮೊಣಕಾಲು ಹೋಗುತ್ತದೆ, ತಿನ್ನದಿದ್ದರೆ ಮರ್ಯಾದೆ ಹೋಗುತ್ತದೆ.

ಆಗ ಅವರು ಕಂಡುಕೊಂಡ ದಾರಿ ಕಿಸೆ. ಅಕ್ಕಾರು ಅವರ ಜುಬ್ಬಾಗಳಿಗೆ ಗಜೇಂದ್ರಗಡದ ದರ್ಜಿಯ ಕೈಲಿ ಆಳವಾದ ಕಿಸೆ ಹಚ್ಚಿಸಿದ್ದರು. ಎರಡು ಬದಿಗೆ, ಒಂದು ಒಳಗೆ. ಹಿಡಿ ತುಂಬ ತೆಗೆಯುವುದು, ಎರಡು ಕಾಳು ಬಾಯಿಗೆ, ಕಣ್ಣು ಮುಚ್ಚುವುದು, ಆ ಹೊತ್ತಿನಲ್ಲಿ ಕೈ ತಾನಾಗಿ ಕಿಸೆಗೆ. ನುಣುಪಾದ ಕೆಲಸ. ರಾತ್ರಿ ಮನೆಗೆ ಬಂದು ಅಕ್ಕಾರ ಮುಂದೆ ಕಿಸೆ ಬರಿದು ಮಾಡುವುದು. ಅವರು ಅದನ್ನು ಒಂದು ಡಬ್ಬಿಗೆ ಹಾಕಿಡುವುದು. ಆ ಡಬ್ಬಿ ತುಂಬುವುದನ್ನು ನೋಡಿಯೇ ನಮಗೆ ಸಮಾಧಾನ. ಇಷ್ಟು ಹೊಟ್ಟೆಗೆ ಹೋಗಿಲ್ಲವಲ್ಲ.

ಆದರೂ ಸೋಮವಾರ ಸಂಜೆ ಹಮಾಲರ ಹಿರಿಯ ಕೂಗುತ್ತಿದ್ದುದು ಅದೇ. ತೊಂಬತ್ತೊಂದೋ. ಒಮ್ಮೆ ತೊಂಬತ್ತೂವರೆ. ಮತ್ತೆ ತೊಂಬತ್ತೊಂದೋ.

ಸ್ಕೂಟರಿನ ಮೇಲೆ ನನ್ನ ಜಾಗ ಹೆಚ್ಚಾಗಿದೆ ಎಂದು ನನಗೆ ಆಗ ಅನಿಸಿತ್ತು ಎಂದು ಬರೆಯಲು ಆಸೆಯಾಗುತ್ತದೆ. ಬರೆದರೆ ನಾನು ಜಾಣನಾಗುತ್ತೇನೆ. ಅನಿಸಿರಲಿಲ್ಲ. ನಾವೆಲ್ಲ ಕಾಟಾವನ್ನು ನಂಬಿದ್ದೆವು.

ಸಾವಕಾರರು ಮಂಕಾದರು. ಹುಬ್ಬಳ್ಳಿಯ ಡಾಕ್ಟರು ಕೊಟ್ಟ ಗಡುವು ಹತ್ತಿರ ಬರುತ್ತಿತ್ತು. ಒಂದು ಸೋಮವಾರ ಕಾಟಾದಿಂದ ಇಳಿದು ಅವರು ತಮ್ಮನ ಮಗನನ್ನು ಕರೆದು, "ನಿನ್ನ ಫೋಟೋದ್ದು ಏನದು, ತೋರ್ಸು" ಎಂದರು. ಹುಡುಗ ಹುರುಪಿನಿಂದ ಮೊಬೈಲು ತೆಗೆದ. ಅವರು ಕನ್ನಡಕ ಏರಿಸಿ ಕಡಲೆಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ತಲೆ ಎಡಕ್ಕೆ ವಾಲಿತು. ಏನೂ ಕೇಳಿಸಲಿಲ್ಲವೆಂದು ಕಾಣುತ್ತದೆ, ಮೊಬೈಲು ಮರಳಿ ಕೊಟ್ಟು, "ನಾಳಿಂದ ಗಾದಿ ಮ್ಯಾಲ ಹೊಸ ಅರಿವಿ ಹಾಸು" ಎಂದರು. ಆ ಸಂಜೆ ಸ್ಕೂಟರನ್ನು ನಾನೇ ಹೊಡೆದೆ.

ಆದರೆ ಅವರು ಗಾದಿಯ ಮೇಲೆ ಕೂರಲಿಲ್ಲ. ಇನ್ನೊಂದು ವಾರ ನೋಡೋಣ, ಇನ್ನೊಂದು ವಾರ ಎಂದು ಕುಂಟುತ್ತಲೇ ಅಂಗಳಕ್ಕಿಳಿದರು. ಆ ಇನ್ನೊಂದು ವಾರದಲ್ಲೇ ಲಕ್ಕಲಕಟ್ಟಿ ಹಳ್ಳಿಯ ಅಮ್ಮ ಬಂದಳು.

ಅವಳು ಪ್ರತಿ ವರ್ಷ ತನ್ನ ಕಡಲೆಯನ್ನು ತಾನೇ ತರುವವಳು. ಗಂಡಸರನ್ನು ಕಳಿಸಿದರೆ ದರದಲ್ಲಿ ಸೋತು, ಚಹಾದಂಗಡಿಯಲ್ಲಿ ಗೆದ್ದು ಬರುತ್ತಾರೆ ಎನ್ನುತ್ತಿದ್ದಳು. ಸಾವಕಾರರಿಗಿಂತ ಹಿರಿಯಳು, ಅವರ ಅರ್ಧದಷ್ಟು ಮೈ, ಅವರ ಎರಡರಷ್ಟು ದನಿ. ಆ ಸೋಮವಾರ ನಾನು ಬಸ್ಸಿಳಿದು ಬರುವ ಹೊತ್ತಿಗೆ ಅವಳ ರಾಶಿಯ ಸುತ್ತ ಜನ ಕೂಡಿದ್ದರು. ಬೆಳಿಗ್ಗೆ ಬರಬೇಕಾದ ಟ್ರ್ಯಾಕ್ಟರು ದಾರಿಯಲ್ಲಿ ಕೆಟ್ಟು ಅವಳು ಸಂಜೆಗೆ ಮುಟ್ಟಿದ್ದಳು. ಸಾವಕಾರರ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ಅವರ ಕೈ ಕಿಸೆಯೊಳಗೇ ಇತ್ತು.

"ಇದೇನ್ರಿ ಸಾವ್ಕಾರ್ರ?"

"ಏನಿಲ್ಲ ಬಿಡಬೇ."

"ನೀವು ತಿಂತೀರಂತ ನಾವು ಎಂದಾದ್ರೂ ಒಂದ್ ಮಾತ್ ಅಂದೇವೇನ್ರಿ? ತಿನ್ರಿ. ಬೊಗಸಿ ತುಂಬ ತಿನ್ರಿ, ತಿಂದ್ರ ನಮ್ಮ ಕಾಳಿಗಿ ಮರ್ಯಾದಿ. ಕಿಸೇದಾಗ ಹಾಕ್ಕೊಂಡ್ರ ಅದಕ್ಕ ಬ್ಯಾರೆ ಹೆಸರೈತಿ."

ಆ ಬೇರೆ ಹೆಸರನ್ನು ಅವಳು ಹೇಳಲಿಲ್ಲ, ಎಲ್ಲರಿಗೂ ಕೇಳಿಸಿತು. ತಂದೆಯ ಕಾಲದಿಂದ ಆ ಅಂಗಳದಲ್ಲಿ ತಲೆಯೆತ್ತಿ ಓಡಾಡಿದ ಮನುಷ್ಯ. ಕಿವಿ ಕೆಂಪಾದವು. ಕಾರಣ ಹೇಳಬೇಕೆಂದರೆ ಅದು ಹೋಳಿಗೆ ಮತ್ತು ಮೊಣಕಾಲಿನ ಸಂಬಂಧಕ್ಕಿಂತ ಕಷ್ಟದ್ದು. ಅವರು ಏನೂ ಹೇಳದೆ ಕುಂಟುತ್ತ ಅಂಗಡಿಗೆ ಬಂದು, ಕಾಟಾದ ಹಲಗೆಯ ಮೇಲೆ ಒಂದು ಖಾಲಿ ಚೀಲ ಹಾಸಿ, ಕಿಸೆಗಳನ್ನು ಬರಿದು ಮಾಡತೊಡಗಿದರು. ಬಲಗಡೆಯದು. ಎಡಗಡೆಯದು. ಒಳಗಿನದು. ಅದೆಷ್ಟು ಹೊತ್ತು ಸುರಿಯಿತೋ. ಹಮಾಲರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕಳವು ಅಲ್ಲಬೇ" ಎಂದರು ಕೊನೆಗೆ, ತಲೆ ತಗ್ಗಿಸಿ. "ತಿಂದ್ರ ಮೈ ಬರತೈತಿ. ಮೈ ಇಳೀದಿದ್ರ ಡಾಕ್ಟರು ಮೊಣಕಾಲು ಮಾಡಾಂಗಿಲ್ಲ. ಚೆಲ್ಲಿದ್ರ ನಿಮಗ ಅಪಮಾನ. ಅದಕ್ಕ ಕಿಸೇಕ ಹಾಕ್ಕೊಂತಿದ್ದೆ. ಅಷ್ಟ ಮಾಡಿದ್ರೂ ಇಳೀವಲ್ದು."

ಯಾರೂ ನಗಲಿಲ್ಲ. ಆಗ ಹಮಾಲರ ಹಿರಿಯ ಕೆಮ್ಮಿದ. "ಸಾವ್ಕಾರ್ರ, ಒಂದ್ ಮಾತ್ ಕೇಳ್ಲೇನ್ರಿ? ಸಿಟ್ಟಾಗಬಾರ್ದು."

"ಕೇಳೋ."

"ನೀವು ಪ್ರತಿ ಸೋಮಾರ ಕಾಟಾ ಏರೂ ಮುಂದ, ಈ ಕಡಲಿ ಎಲ್ಲಿರತಿತ್ರಿ?"

ಕಿಸೆ ಬರಿದಾಗುತ್ತಿದ್ದುದು ರಾತ್ರಿ ಮನೆಯಲ್ಲಿ. ಕಾಟಾ ಏರುತ್ತಿದ್ದುದು ಸಂಜೆ ಅಂಗಡಿಯಲ್ಲಿ. ಕಡಲೆ ಸುಗ್ಗಿ ಏರಿದಂತೆ ರಾಶಿ ಹೆಚ್ಚಿದ್ದವು. ರಾಶಿ ಹೆಚ್ಚಿದಂತೆ ಕಿಸೆ ಭಾರವಾಗಿತ್ತು. ಮೈ ಇಳಿದಷ್ಟನ್ನೂ ಕಿಸೆ ತುಂಬಿಕೊಡುತ್ತಿತ್ತು. ಹುಟ್ಟಿದಾಗಿನಿಂದ ಚೀಲದ ತೂಕ ಕಳೆಯದೆ ಒಂದು ಕಾಳನ್ನೂ ಕೊಳ್ಳದ ಮನುಷ್ಯ, ಗೋಣಿಚೀಲ ತೊಯ್ದಿದ್ದರೆ ಅದಕ್ಕೂ ಲೆಕ್ಕ ಹಿಡಿಯುವವರು, ತಮ್ಮನ್ನು ಮಾತ್ರ ಚೀಲ ಸಮೇತ ತೂಗಿಕೊಂಡಿದ್ದರು. ಸುತ್ತ ನಿಂತವರೆಲ್ಲ ತೂಕದಿಂದಲೇ ಹೊಟ್ಟೆ ಹೊರೆಯುವವರು. ಯಾರಿಗೂ ಹೊಳೆದಿರಲಿಲ್ಲ.

"ಇಳಸ್ರಿ ಕಡಲಿ" ಎಂದಳು ಲಕ್ಕಲಕಟ್ಟಿ ಅಮ್ಮ. ಹಮಾಲರು ಚೀಲ ಎತ್ತಿದರು. "ಏರ್ರಿ ಸಾವ್ಕಾರ್ರ."

ಅವರು ಬರಿ ಕಿಸೆಗಳನ್ನು ಹೊರಗೆ ಎಳೆದು, ಎರಡು ಬದಿಗೂ ಬಿಳಿ ಕಿವಿ ಜೋತುಬಿಟ್ಟಂತೆ ಮಾಡಿಕೊಂಡು ಹಲಗೆ ಏರಿದರು. ಹಿರಿಯ ಬಗ್ಗಿ ನೋಡಿದ. ಮತ್ತೊಮ್ಮೆ ನೋಡಿದ. ಕೂಗಿದ್ದು ಮಾತ್ರ ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿರಬೇಕು.

"ಎಂಬತ್ತೆಂಟೂವರೇ… ಬರಕೊಳ್ರಿ."

ಸಾವಕಾರರು ಹಲಗೆಯ ಮೇಲೆಯೇ ನಿಂತಿದ್ದರು. ಇಳಿಯಲು ಮನಸ್ಸಿರಲಿಲ್ಲ. ಲಕ್ಕಲಕಟ್ಟಿ ಅಮ್ಮ ಅವರನ್ನು ಕೆಳಗಿನಿಂದ ಮೇಲಕ್ಕೆ ನೋಡಿ, "ಶಾಣ್ಯಾರ ಊರು ನಿಮ್ಮದು" ಎಂದಳು. ಆಮೇಲೆ ತನ್ನ ರಾಶಿಯಿಂದ ಒಂದು ಹಿಡಿ ತಂದು ಅವರ ಅಂಗೈಗೆ ಹಾಕಿದಳು. "ಒಂದ್ ಕಾಳ್ ಕಡೀರಿ." ಅವರು ಕಡಿದರು. "ಒಣಗೈತೋ ಇಲ್ಲೋ?" ಒಣಗಿದೆ ಎಂದು ತಲೆ ಆಡಿಸಿದರು. "ಉಳಿದದ್ದು ಇತ್ತ ಕೊಡ್ರಿ. ಮುಂಜಾನಿಂದ ಏನೂ ತಿಂದಿಲ್ಲ ನಾ" ಎಂದು ಆ ಹಿಡಿಯನ್ನು ಅವರ ಕೈಯಿಂದ ಇಸಿದುಕೊಂಡು ತನ್ನ ಬಾಯಿಗೆ ಹಾಕಿಕೊಂಡಳು.

ಮರುದಿನದಿಂದ ಅದೇ ರೂಢಿಯಾಯಿತು. ಅವರು ಹಿಡಿ ತುಂಬ ತೆಗೆಯುವುದು, ಒಂದು ಕಾಳು ಕಡಿಯುವುದು, "ನೀವೂ ನೋಡ್ರಿ" ಎಂದು ಉಳಿದದ್ದನ್ನು ಬೆಳೆದವನ ಕೈಗೆ ಸುರಿಯುವುದು. ತಮ್ಮ ಕಾಳನ್ನು ಸಾವಕಾರರ ಕೈಯಿಂದ ಇಸಿದುಕೊಂಡು ತಿನ್ನುವಾಗ ರೈತರ ಮುಖ ನೋಡಬೇಕಿತ್ತು. ಯಾರೋ ಬಡಿಸಿದಂತೆ ತಿನ್ನುತ್ತಿದ್ದರು. ಅವರಲ್ಲಿ ಎಷ್ಟು ಜನ ಬೆಳಗಿನಿಂದ ಬರಿಹೊಟ್ಟೆಯಲ್ಲಿದ್ದರು ಎಂದು ಯಾರೂ ಮೊದಲು ಕೇಳಿರಲಿಲ್ಲ. ಅಕ್ಕಾರ ಡಬ್ಬಿಯಲ್ಲಿದ್ದ ಕಡಲೆ ಯಾರ ಯಾರದೋ, ಮರಳಿ ಹಂಚುವಂತಿರಲಿಲ್ಲ. ಅದನ್ನೆಲ್ಲ ಕುದಿಸಿ ಗುಗ್ಗರಿ ಮಾಡಿ ಅಂಗಳದಲ್ಲಿ ಎಲ್ಲರಿಗೂ ಹಂಚಿದರು. ಸಾವಕಾರರು ಬುಟ್ಟಿಯ ಹತ್ತಿರ ಬಂದು ವಾಸನೆ ಮಾತ್ರ ತೆಗೆದುಕೊಂಡು ಹೋದರು. ಇದನ್ನೇ ಸಭೆಯಲ್ಲಿ ನಾಲಿಗೆಯ ಹಿಡಿತ ಎಂದರೇನೋ. ಅಕ್ಕಾರು ಪಕ್ಕದಲ್ಲಿ ಸೌಟು ಹಿಡಿದು ನಿಂತಿದ್ದರು ಎಂಬುದನ್ನು ಆ ಭಾಷಣಕಾರರು ಬಿಟ್ಟರು.

ಬೇಸಗೆಯಲ್ಲಿ ಹುಬ್ಬಳ್ಳಿಗೆ ಹೊರಟೆವು. ಹೊರಡುವ ಹಿಂದಿನ ದಿನ ಲಕ್ಕಲಕಟ್ಟಿ ಅಮ್ಮ ಬಂದು ಒಂದು ಹಿಡಿ ಕಡಲೆಯನ್ನು ಅವರ ಕೈಗೆ ಕೊಟ್ಟಿದ್ದಳು. ಸುಗ್ಗಿಯಲ್ಲಿ ಅರ್ಧ ಮಾರಿ ಅರ್ಧ ಮನೆಯಲ್ಲಿಟ್ಟಿದ್ದಳು. ಈಗ ಉಳಿದದ್ದನ್ನು ಮಾರಬೇಕೋ, ಮಳೆಗಾಲ ದಾಟಿಸಬಹುದೋ, ನೋಡಿ ಹೇಳಿ ಎಂದಿದ್ದಳು. ದವಾಖಾನೆಯಲ್ಲಿ ತೂಕ ಮಾಡುವ ಮೊದಲು ನರ್ಸ್ ಚಪ್ಪಲಿ ಬಿಡಲು ಹೇಳಿದಳು. ಅವರು ಚಪ್ಪಲಿ ಬಿಟ್ಟರು, ಕಿಸೆಗೆ ಕೈ ಹಾಕಿ ಆ ಹಿಡಿಯನ್ನು ತೆಗೆದು ನನ್ನ ಕೈಗೆ ಸುರಿದು, "ಇವು ನಿಮ್ಮ ಕಡೆ ಇರ್ಲಿ" ಎಂದರು. ಮುಳ್ಳು ಎಂಬತ್ತೈದರ ಹತ್ತಿರ ನಡುಗಿ, ಒಂದು ಕೂದಲೆಳೆ ಈಚೆಗೆ ನಿಂತಿತಂತೆ. ಆ ಹಿಡಿ ಕಡಲೆ ತೆಗೆದಿಟ್ಟದ್ದರಿಂದಲೇ ಮೊಣಕಾಲು ಉಳಿಯಿತೆಂದು ಅವರು ಸಾಯುವವರೆಗೆ ಹೇಳುತ್ತಿದ್ದರು. ಅಕ್ಕಾರು ಬೇರೆ ಹೇಳುತ್ತಾರೆ. ಕಡಲೆಯನ್ನು ನೋಡಿ ಡಾಕ್ಟರು ನಕ್ಕು, ಒಂದು ಕೆಜಿ ಹೆಚ್ಚಿದ್ದರೂ ಮಾಡುತ್ತಿದ್ದೆ ಎಂದರಂತೆ. ಎರಡೂ ನಿಜವಿರಬಹುದು. ನಾನು ಮುಳ್ಳನ್ನು ನೋಡಲಿಲ್ಲ. ಅಂಗೈಯಲ್ಲಿ ಕಡಲೆ ಹಿಡಿದು ಅವರ ಮುಖ ನೋಡುತ್ತಿದ್ದೆ.

ಮರುದಿನ ಅವರನ್ನು ಒಳಗೆ ಒಯ್ದರು. ಹೊರಗೆ ಬೆಂಚಿನ ಮೇಲೆ ಅಕ್ಕಾರು ಗೋಡೆಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದರು. ನನ್ನ ಕೈ ಸುಮ್ಮನೆ ಕೂರುವಂಥದ್ದಲ್ಲ. ಬಾಗಿಲ ಮೇಲಿನ ಕೆಂಪು ದೀಪ ನೋಡುತ್ತ ಕಿಸೆಯಿಂದ ಒಂದು ಕಾಳು, ಇನ್ನೊಂದು ಕಾಳು. ಸಂಜೆ ಅವರನ್ನು ಕೋಣೆಗೆ ತಂದು ಮಲಗಿಸಿದಾಗ ಕಾಲು ಕಟ್ಟಿನಲ್ಲಿತ್ತು, ತುಟಿ ಒಣಗಿತ್ತು, ನೀರು ಸಹ ಕೊಡಬಾರದೆಂದಿದ್ದರು. ಕಣ್ಣು ತೆರೆದು ಮೊದಲು ಹುಡುಕಿದ್ದು ನನ್ನನ್ನು. ಕಾಲಿನ ಬಗ್ಗೆ ಕೇಳುತ್ತಾರೆಂದು ಬಗ್ಗಿದೆ.

"ಮಾಸ್ತರ, ಲಕ್ಕಲಕಟ್ಟಿ ಅಮ್ಮನ ಕಡಲಿ?"

ನನ್ನ ಕೈ ಕಿಸೆಗೆ ಹೋಯಿತು.

"ತಿಂದ್ರೇನು?"

"ನೋಡಿದೆ" ಎಂದೆ.

ಅವರ ಹೊಟ್ಟೆ ಸಣ್ಣಗೆ ಕುಣಿಯಿತು, ನೋವಿಗೆ ನಿಂತಿತು. "ಎಲ್ಲಾ ನೋಡಿದ್ರೇನು?"

ಕಿಸೆಯ ಮೂಲೆ ಕೆದಕಿದೆ. ಹೊಲಿಗೆಯಲ್ಲಿ ಒಂದು ಕಾಳು ಸಿಕ್ಕಿಕೊಂಡಿತ್ತು. ತೆಗೆದು ತೋರಿಸಿದೆ. ಅವರು ಕೈ ಚಾಚಿ, ನರ್ಸಿನ ಕಡೆ ನೋಡಿ, ಕೈ ಹಿಂದೆ ತೆಗೆದುಕೊಂಡರು.

"ನೀವ ಕಡೀರಿ" ಎಂದರು. "ಇಲ್ಲೆ ಬರ್ರಿ. ಹತ್ತಿರ. ಲಗೂ ಕಡೀಬ್ಯಾಡ್ರಿ."

ನಾನು ಅವರ ಕಿವಿಯ ಬಳಿ ಬಗ್ಗಿ, ಕಾಳನ್ನು ಹಲ್ಲಿನ ನಡುವೆ ಇಟ್ಟೆ. ಅವರು ಕಣ್ಣು ಮುಚ್ಚಿದರು. ದಿಂಬಿನ ಮೇಲೆ ತಲೆ ಎಡಕ್ಕೆ ವಾಲಿತು.

ಕಟ್.

"ಒಣಗೈತಿ" ಎಂದರು. "ಮಳಿಗಾಲ ದಾಟತೈತಿ. ಇಡಾಕ ಹೇಳ್ರಿ."